ನೋಯದ ಬಿಳಿ ಮಚ್ಚೆಯನ್ನು ನಿರ್ಲಕ್ಷಿಸದಿರೋಣ

(ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಲ್ಲುನೋವು ಒಂದು ರಾತ್ರಿಯ ನಿದ್ದೆ ಕೆಡಿಸಿದರೆ ಮನುಷ್ಯನು ಮರುದಿನ ಬೆಳಗ್ಗೆ ದಂತ ವೈದ್ಯರ ಬಾಗಿಲಲ್ಲಿ ನಿಂತಿರುತ್ತಾನೆ. ನೋವು ನಮ್ಮನ್ನು ವೈದ್ಯರ ಬಳಿಗೆ ಓಡಿಸುತ್ತದೆ. ಆದರೆ ನೋಯದ ಕಾಯಿಲೆ ಯಾರನ್ನೂ ಓಡಿಸುವುದಿಲ್ಲ. ಅದು ಸದ್ದಿಲ್ಲದೆ ಬಂದು ಕೂರುತ್ತದೆ. ವರ್ಷಗಟ್ಟಲೆ ಕಾಯುತ್ತದೆ. ಇಂದು ನಮಗೆ ಒಪ್ಪಿಸಲಾದ ವಿಷಯ ಅಂತಹದ್ದೇ ಆಗಿದೆ. ಬಾಯಿಯೊಳಗೆ ಕಾಣಿಸಿಕೊಳ್ಳುವ ಬಿಳಿ ಮಚ್ಚೆ ಎಂದರೇನು? ಅದರಿಂದ ಹೆದರಬೇಕೇ, ಬೇಡವೇ? ಹೆದರಬೇಕಾದರೆ ಎಷ್ಟು ಹೆದರಬೇಕು? ದಂತ ವೈದ್ಯಕೀಯ ಕ್ಷೇತ್ರದಲ್ಲಿರುವ ನಾವು ಈ ಮೂರು ಪ್ರಶ್ನೆಗಳಿಗೆ ಉತ್ತರಿಸಲು ಯತ್ನಿಸುತ್ತೇವೆ.

ಮೊದಲಿಗೆ ಬಾಯಿಯ ಒಳಭಾಗವು ಗುಲಾಬಿ ಬಣ್ಣದಲ್ಲಿ ಇರುವುದೇಕೆ ಎಂಬುದನ್ನು ತಿಳಿಯೋಣ. ಬಾಯಿಯ ಒಳಗೋಡೆಯನ್ನು ಆವರಿಸಿರುವ ಲೋಳೆಪೊರೆ ತೆಳುವಾಗಿದೆ. ಅದರ ಕೆಳಗಿರುವ ರಕ್ತನಾಳಗಳ ಕೆಂಪು ಅದರ ಮೂಲಕ ಹೊರಗೆ ಕಾಣುತ್ತದೆ. ಒಂದು ಜಾಗಕ್ಕೆ ದಿನವೂ ಉಜ್ಜಾಟ, ಬಿಸಿ, ಹೊಗೆ ಅಥವಾ ರಾಸಾಯನಿಕದ ಕಾಟ ತಗಲುತ್ತಿದ್ದರೆ ಅಲ್ಲಿನ ಪೊರೆ ತನ್ನನ್ನು ರಕ್ಷಿಸಿಕೊಳ್ಳಲು ದಪ್ಪವಾಗುತ್ತದೆ. ನಮ್ಮ ಹಿಮ್ಮಡಿಯ ಚರ್ಮವನ್ನು ಗಡುಸಾಗಿಸುವ ಕೆರಾಟಿನ್ ಎಂಬ ವಸ್ತುವೇ ಅಲ್ಲಿಯೂ ಕೂಡಿಕೊಳ್ಳುತ್ತದೆ. ನೀರಿನಲ್ಲಿ ಬಹಳ ಹೊತ್ತು ನಿಂತ ಹಿಮ್ಮಡಿ ಬೆಳ್ಳಗಾಗುವುದನ್ನು ತಾವು ಕಂಡಿದ್ದೀರಿ. ಹಾಗೆಯೇ ಸದಾ ಎಂಜಲಿನಿಂದ ಒದ್ದೆಯಾಗಿರುವ ಬಾಯಿಯಲ್ಲಿ ದಪ್ಪವಾದ ಪೊರೆ ಬೆಳ್ಳಗೆ ಕಾಣುತ್ತದೆ. ಅಂದರೆ ಬಿಳಿ ಬಣ್ಣವು ಒಂದು ಕಾಯಿಲೆಯ ಹೆಸರಲ್ಲ. ಅಲ್ಲಿ ಏನೋ ನಡೆದಿದೆ ಎಂಬುದರ ಗುರುತು ಮಾತ್ರ.

ಆದುದರಿಂದ ಬಾಯಿಯಲ್ಲಿ ಬಿಳಿ ಕಂಡಾಕ್ಷಣ ಕ್ಯಾನ್ಸರ್ ಎಂದು ಎದೆಗುಂದುವ ಅಗತ್ಯವಿಲ್ಲ. ಕೆನ್ನೆಯ ಒಳಭಾಗದಲ್ಲಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳು ಕೂಡುವ ಮಟ್ಟದಲ್ಲಿ ಉದ್ದಕ್ಕೆ ಒಂದು ಬಿಳಿ ಗೆರೆ ಅನೇಕರಲ್ಲಿ ಇರುತ್ತದೆ. ಅದು ಸಹಜವಾದುದು. ಹಸುಗೂಸಿನ ನಾಲಗೆಯ ಮೇಲೆ ಮೊಸರಿನ ಗಡ್ಡೆಯಂತೆ ಅಂಟಿಕೊಂಡು, ಒರೆಸಿದರೆ ಎದ್ದು ಬಂದು ಕೆಳಗೆ ಕೆಂಪು ಕಾಣಿಸುವ ಬಿಳುಪು ಕ್ಯಾಂಡಿಡಾ ಎಂಬ ಶಿಲೀಂಧ್ರದಿಂದ ಉಂಟಾಗುತ್ತದೆ. ಇದು ದೊಡ್ಡವರಿಗೂ ಬರುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ದೀರ್ಘಕಾಲ ಆಂಟಿಬಯಾಟಿಕ್ ಸೇವಿಸಿದವರು, ಅಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದವರು, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿಯೂ ತೆಗೆಯದೆ ಮಲಗುವವರು ಇದಕ್ಕೆ ತುತ್ತಾಗುತ್ತಾರೆ. ಇದಕ್ಕೆ ಔಷಧಿಯಿದೆ, ಗುಣವಾಗುತ್ತದೆ. ಹಲ್ಲುನೋವಿಗೆಂದು ಆಸ್ಪಿರಿನ್ ಮಾತ್ರೆಯನ್ನು ನುಂಗದೆ ಒಸಡಿನ ಪಕ್ಕ ಇಟ್ಟುಕೊಂಡರೆ, ಲವಂಗದ ಎಣ್ಣೆಯನ್ನು ಲೆಕ್ಕವಿಲ್ಲದೆ ಸುರಿದುಕೊಂಡರೆ ಆ ಜಾಗ ಸುಟ್ಟು ಬೆಳ್ಳಗಾಗುತ್ತದೆ. ಮುರಿದ ಹಲ್ಲಿನ ಚೂಪಾದ ಅಂಚು ಕೆನ್ನೆಗೆ ಉಜ್ಜುತ್ತಿದ್ದರೂ ಹೀಗಾಗುತ್ತದೆ. ಎರಡೂ ಕೆನ್ನೆಗಳಲ್ಲಿ ಜೇಡರ ಬಲೆ ನೇಯ್ದಂತೆ ಸಣ್ಣ ಸಣ್ಣ ಬಿಳಿ ಗೆರೆಗಳು ಹರಡಿಕೊಂಡಿದ್ದರೆ ಅದು ಲೈಕನ್ ಪ್ಲೇನಸ್ ಆಗಿರಬಹುದು. ಅದು ಸಾಂಕ್ರಾಮಿಕವಲ್ಲ. ಆದರೆ ಆಗಾಗ ವೈದ್ಯರ ಕಣ್ಣಿಗೆ ಬೀಳುತ್ತಿರಬೇಕು.

ಇವೆಲ್ಲವನ್ನೂ ಒಂದೊಂದಾಗಿ ಪರಿಶೀಲಿಸಿ, ಇದಲ್ಲ ಇದಲ್ಲ ಎಂದು ಬದಿಗಿಟ್ಟ ನಂತರವೂ ಒರೆಸಿದರೆ ಹೋಗದ, ಕಾರಣ ನಿವಾರಿಸಿದರೂ ಮಾಯದ ಒಂದು ಬಿಳಿ ಮಚ್ಚೆ ಉಳಿದರೆ ಅದನ್ನು ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. 1877ರಲ್ಲಿ ಹಂಗೇರಿಯ ಚರ್ಮರೋಗ ತಜ್ಞ ಎರ್ನೋ ಶ್ವಿಮ್ಮರ್ ಇದಕ್ಕೆ ಈ ಹೆಸರನ್ನಿಟ್ಟರು. ಬಿಳಿಯ ಫಲಕ ಎಂಬುದು ಅದರ ಅರ್ಥ. ಅದು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಆಗಬಲ್ಲದು. ಈ ಎರಡು ವಾಕ್ಯಗಳ ನಡುವಿನ ಅಂತರದಲ್ಲಿಯೇ ನಮ್ಮ ಇಂದಿನ ವಿಷಯವೆಲ್ಲ ಅಡಗಿದೆ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಮರ್ಶೆಗಳಲ್ಲಿ, ಇಂತಹ ಮಚ್ಚೆ ಕ್ಯಾನ್ಸರಾಗಿ ಬದಲಾದ ಪ್ರಮಾಣವು ಒಂದರಲ್ಲಿ ಶೇ. 3.5 ಎಂದೂ ಇನ್ನೊಂದರಲ್ಲಿ ಶೇ. 10ರ ಸಮೀಪವೆಂದೂ ಕಂಡುಬಂದಿದೆ. ಅಂದರೆ ನೂರು ಮಂದಿಯಲ್ಲಿ ತೊಂಬತ್ತು ಮಂದಿಗಾದರೂ ಅದು ಕ್ಯಾನ್ಸರ್ ಆಗುವುದಿಲ್ಲ. ಆದರೆ ಆ ಹತ್ತರಲ್ಲಿ ನಾವಿಲ್ಲ ಎಂದು ಕನ್ನಡಿ ನೋಡಿ ಹೇಳಬಲ್ಲವರು ಯಾರು? ಅದನ್ನು ಹೇಳಲು ಪರೀಕ್ಷೆಯೇ ಆಗಬೇಕು.

ಕೆಲವು ಲಕ್ಷಣಗಳು ಹೆಚ್ಚಿನ ಎಚ್ಚರಿಕೆಯನ್ನು ಬೇಡುತ್ತವೆ. ಸಮತಟ್ಟಾಗಿ, ಒಂದೇ ಬಣ್ಣದಲ್ಲಿ ಇರುವ ಮಚ್ಚೆಗಿಂತ ಉಬ್ಬುತಗ್ಗಾಗಿರುವ, ನಡುನಡುವೆ ಕೆಂಪು ಬೆರೆತಿರುವ ಮಚ್ಚೆ ಹೆಚ್ಚು ಅಪಾಯಕಾರಿ. ನಾಲಗೆಯ ಪಕ್ಕದಲ್ಲಿ ಮತ್ತು ನಾಲಗೆಯ ಕೆಳಗೆ ಇರುವುದು ಹೆಚ್ಚು ಅಪಾಯಕಾರಿ. ಬಿಳಿಯಿಲ್ಲದೆ ಬರೇ ಮಖಮಲ್ಲಿನಂತೆ ಕೆಂಪಾಗಿರುವ ಮಚ್ಚೆಯಂತೂ ಬಿಳಿಗಿಂತಲೂ ಬಹಳ ಗಂಭೀರವಾದುದು. ಇನ್ನೊಂದು ವಿಷಯವನ್ನು ನಮ್ಮ ಸಹೋದರಿಯರು ಗಮನವಿಟ್ಟು ಕೇಳಬೇಕು. ಹೊಗೆಸೊಪ್ಪನ್ನು ಮುಟ್ಟದವರಲ್ಲಿ ಕಾಣಿಸಿಕೊಂಡ ಲ್ಯೂಕೋಪ್ಲೇಕಿಯಾ, ಮತ್ತು ಮಹಿಳೆಯರಲ್ಲಿ ಕಾಣಿಸಿಕೊಂಡ ಲ್ಯೂಕೋಪ್ಲೇಕಿಯಾ ಕ್ಯಾನ್ಸರಾಗಿ ಬದಲಾಗುವ ಸಂಭವ ಹೆಚ್ಚೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ನನಗೆ ಯಾವ ಚಟವೂ ಇಲ್ಲ, ಆದ್ದರಿಂದ ನನಗೇನೂ ಆಗದು ಎಂಬ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ.

ಇನ್ನು ಕಾರಣಗಳ ಕಡೆಗೆ ಬರೋಣ. ನಮ್ಮ ದೇಶದಲ್ಲಿ ಬಹುದೊಡ್ಡ ಕಾರಣ ಹೊಗೆಸೊಪ್ಪು ಮತ್ತು ಅಡಿಕೆ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಹೊಗೆ ಸೇದುವವರು ಶೇ. 10.7 ಇದ್ದರೆ, ಹೊಗೆಸೊಪ್ಪನ್ನು ಜಗಿಯುವ ಅಥವಾ ಬಾಯಿಯಲ್ಲಿಟ್ಟುಕೊಳ್ಳುವವರು ಶೇ. 21.4 ಇದ್ದರು. ಮಹಿಳೆಯರಲ್ಲಿ ಸೇದುವವರು ಕೇವಲ ಶೇ. 2. ಆದರೆ ಜಗಿಯುವವರು ಶೇ. 12.8! ಸಿಗರೇಟು ಸೇದುವ ಹೆಣ್ಣನ್ನು ಕಂಡರೆ ಹುಬ್ಬೇರಿಸುವ ಸಮಾಜವು ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಜ್ಜಿಯನ್ನು ಸಹಜವೆಂದು ಒಪ್ಪಿಕೊಂಡಿದೆ. ಹೊಗೆ ಕಾಣದಿರುವುದರಿಂದ ಹಾನಿಯೂ ಕಾಣುವುದಿಲ್ಲ, ಅಷ್ಟೆ.

ಹೊಗೆಸೊಪ್ಪು ಹಾಕುವುದಿಲ್ಲ, ಬರೇ ಅಡಿಕೆ ತಾನೇ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಬೆರೆಸಿದ ಎಲೆಯಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತ್ತು. 2004ರಲ್ಲಿ ಪ್ರಕಟವಾದ ಅದರ ವರದಿಯು ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ, ಅಡಿಕೆಯನ್ನೂ ಅದೇ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವು ಲೋಳೆಪೊರೆಯ ಕೆಳಗೆ ನಾರಿನಂತಹ ಅಂಗಾಂಶ ಬೆಳೆಯುವಂತೆ ಮಾಡುತ್ತದೆ. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಬಳಿಕ ಒಳಗೋಡೆ ಅಮೃತಶಿಲೆಯಂತೆ ಬಿಳಿಚಿಕೊಳ್ಳುತ್ತದೆ. ಕ್ರಮೇಣ ಬಾಯಿ ತೆರೆಯಲಾಗದಂತೆ ಬಿಗಿಯುತ್ತದೆ. ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. 1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯರು ಇದನ್ನು ಮೊದಲು ವರ್ಣಿಸಿದ್ದು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಎಂಬುದು ಗಮನಾರ್ಹ. ಜನರು ಸಮುದ್ರ ದಾಟಿದರೂ ಅಭ್ಯಾಸ ಜೊತೆಗೇ ಹೋಗಿತ್ತು. ಎರ್ನಾಕುಲಂ ಜಿಲ್ಲೆಯಲ್ಲಿ ಈ ಕಾಯಿಲೆಯಿದ್ದ 66 ಮಂದಿಯನ್ನು 17 ವರ್ಷಗಳ ಕಾಲ ಗಮನಿಸಿದಾಗ ಐವರಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು. ಲ್ಯೂಕೋಪ್ಲೇಕಿಯಾ ಚಟ ಬಿಟ್ಟರೆ ಹಿಂದೆ ಸರಿಯುವುದುಂಟು. ಆದರೆ ಬಿಗಿದ ಬಾಯಿ ಮೊದಲಿನಂತೆ ತೆರೆಯುವುದು ಕಷ್ಟ. ಮಕ್ಕಳ ಕೈಗೆ ಸಿಹಿ ಸುಪಾರಿಯ ಪೊಟ್ಟಣ ಕೊಡುವಾಗ ತಂದೆ ತಾಯಂದಿರು ಇದನ್ನು ನೆನಪಿಸಿಕೊಳ್ಳಬೇಕು.

ಸಹೋದರರೇ, ಈಗ ನಮ್ಮ ಮನೆಗಳೊಳಗೆ ಇಣುಕಿ ನೋಡೋಣ. ನಮ್ಮ ಮದುವೆಗಳಲ್ಲಿ ಊಟ ಮುಗಿಸಿ ಬರುವವರಿಗೆ ಬೀಡಾ ತಟ್ಟೆ ಹಿಡಿಯದಿದ್ದರೆ ಆತಿಥ್ಯದಲ್ಲಿ ಏನೋ ಕೊರತೆಯಾಯಿತೆಂಬ ಭಾವನೆಯಿದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ತಾಯಂದಿರು, ಹೆಣ್ಣುಮಕ್ಕಳು ಬೀಡಿ ಕಟ್ಟಿ ಸಂಸಾರ ಸಾಗಿಸಿದ್ದಾರೆ. ಹೊಗೆಸೊಪ್ಪು ಅವರಿಗೆ ಅನ್ನದ ಸಾಧನವಾಗಿತ್ತು. ಅದನ್ನು ವಿಷವೆಂದು ಕಾಣುವುದು ಅವರಿಗೆ ಸುಲಭವಲ್ಲ. ಗಂಡಸರಾದರೆ ಗೆಳೆಯರ ಮಾತಿಗಾದರೂ ವೈದ್ಯರ ಬಳಿ ಹೋದಾರು. ಮನೆಯ ಹಿರಿಯ ಹೆಣ್ಣುಮಗಳು ತನ್ನ ಬಾಯಿಯ ಉರಿಯನ್ನು ಯಾರಿಗೂ ಹೇಳುವುದಿಲ್ಲ. ಖಾರ ಕಡಿಮೆ ಮಾಡಿಕೊಂಡು, ಗಂಜಿ ಕುಡಿದುಕೊಂಡು ದಿನ ದೂಡುತ್ತಾಳೆ. ಕೇಳಿದರೆ ಉಷ್ಣವಾಗಿದೆ ಎನ್ನುತ್ತಾಳೆ. ಯಾರೋ ಔಷಧಿ ಅಂಗಡಿಯಿಂದ ವಿಟಮಿನ್ ಮಾತ್ರೆ ತಂದುಕೊಡುತ್ತಾರೆ. ಅಲ್ಲಿಗೆ ವಿಷಯ ಮುಗಿಯುತ್ತದೆ. ಮಕ್ಕಳ ಜ್ವರಕ್ಕೆ, ಗಂಡನ ರಕ್ತದೊತ್ತಡಕ್ಕೆ ತಡಮಾಡದ ಕುಟುಂಬವು ಆಕೆಯ ಬಾಯಿಯನ್ನು ನೋಡುವುದು ಕಟ್ಟಕಡೆಗೆ, ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡ ಮೇಲೆ. ಇದು ಬಡತನದಿಂದ ಮಾತ್ರ ಆಗುತ್ತಿರುವುದಲ್ಲ. ಯಾರ ನೋವಿಗೆ ಬೆಲೆಯಿದೆ, ಯಾರದಕ್ಕಿಲ್ಲ ಎಂಬ ನಮ್ಮ ಒಳಲೆಕ್ಕದಿಂದಲೂ ಆಗುತ್ತಿದೆ. ಈ ಲೆಕ್ಕವನ್ನು ನಾವು ಬದಲಿಸಬೇಕಾಗಿದೆ.

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಮಂದಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ತಗಲಿತು. ಸುಮಾರು 80 ಸಾವಿರ ಮಂದಿ ಅದರಿಂದ ಸತ್ತರು. ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್ ಇದೇ ಆಗಿದೆ. ಇಷ್ಟು ದೊಡ್ಡ ಸಾವಿನ ಲೆಕ್ಕವನ್ನು ವ್ಯಕ್ತಿಯ ಚಟವೆಂದಷ್ಟೇ ಹೇಳಿ ಸರಕಾರವು ಕೈತೊಳೆದುಕೊಳ್ಳಲಾಗದು. ಕರ್ನಾಟಕ ಸರಕಾರವು 2013ರ ಮೇ ತಿಂಗಳ ಕೊನೆಯಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ನಡೆದದ್ದೇನು? ಒಂದೇ ಪೊಟ್ಟಣದಲ್ಲಿ ಇದ್ದದ್ದು ಎರಡು ಪೊಟ್ಟಣಗಳಾಯಿತು. ಪಾನ್ ಮಸಾಲ ಒಂದರಲ್ಲಿ, ಹೊಗೆಸೊಪ್ಪು ಇನ್ನೊಂದರಲ್ಲಿ. ಗಿರಾಕಿಯು ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಂಡ. ಕಾನೂನು ಗೆದ್ದಿತು, ಕಾಯಿಲೆಯೂ ಗೆದ್ದಿತು! ಹೊಗೆಸೊಪ್ಪು ಮಾರಾಟದ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ರಾಜ್ಯದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಸ್ವಾಗತಾರ್ಹವೇ. ಆದರೆ ಶಾಲೆಯ ನೂರು ಗಜಗಳೊಳಗೆ ಹೊಗೆಸೊಪ್ಪು ಮಾರಬಾರದೆಂಬ 2003ರ ಕಾಯ್ದೆಯ ಪಾಡೇನಾಗಿದೆ ಎಂಬುದನ್ನು ನಮ್ಮ ನಮ್ಮ ಬೀದಿಗಳಲ್ಲಿಯೇ ನೋಡಬಹುದು. ಅಡಿಕೆಯ ವಿಷಯದಲ್ಲಿ ರಾಜಕಾರಣಿಗಳ ಸಂಕಟ ಇನ್ನೊಂದು ಬಗೆಯದು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಬೆಳೆಗಾರರು ನಮ್ಮ ನೆರೆಹೊರೆಯವರೇ. ಅವರನ್ನು ಅಪರಾಧಿಗಳೆಂದು ನಾವು ಹೇಳುತ್ತಿಲ್ಲ. ಆದರೆ ಬೆಳೆಗಾರನ ಹಿತ ಕಾಯುವುದೆಂದರೆ ಅಡಿಕೆಯಿಂದ ಹಾನಿಯಿಲ್ಲವೆಂದು ಭಾಷಣ ಮಾಡುವುದಲ್ಲ. ಆತನಿಗೆ ಬೇರೆ ಬೆಳೆಯ ದಾರಿ ತೋರಿಸುವುದು ನಿಜವಾದ ಹಿತ.

ಹಾಗಾದರೆ ಬಾಯಿ ನೋಡುವುದರಿಂದ ಜೀವ ಉಳಿಯುತ್ತದೆಯೇ? ಇದಕ್ಕೆ ಜಗತ್ತಿಗೇ ಉತ್ತರ ಕೊಟ್ಟದ್ದು ನಮ್ಮ ನೆರೆಯ ಕೇರಳ. ತಿರುವನಂತಪುರಂ ಜಿಲ್ಲೆಯ 13 ಪಂಚಾಯತ್‌ಗಳಲ್ಲಿ 1996ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭವಾಯಿತು. ಕೆಲವು ಪಂಚಾಯತ್‌ಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, 35 ದಾಟಿದವರ ಬಾಯಿಯನ್ನು ಕಣ್ಣಿನಿಂದ ಪರೀಕ್ಷಿಸಿದರು. ದುಬಾರಿ ಯಂತ್ರಗಳೇನೂ ಇರಲಿಲ್ಲ. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೊಗೆಸೊಪ್ಪು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಯ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಪರೀಕ್ಷೆ ನಡೆಸಿದ ಕಡೆಗಳಲ್ಲಿ ಶೇ. 34ರಷ್ಟು ಕಡಿಮೆಯಾಗಿತ್ತು. ಚಟ ಬಿಟ್ಟರೆ ಏನು ಪ್ರಯೋಜನ ಎಂಬುದಕ್ಕೂ ಉತ್ತರವಿದೆ. ಎರ್ನಾಕುಲಂ, ಶ್ರೀಕಾಕುಳಂ ಮತ್ತು ಭಾವನಗರ ಜಿಲ್ಲೆಗಳ 36 ಸಾವಿರ ಹೊಗೆಸೊಪ್ಪು ಬಳಕೆದಾರರ ನಡುವೆ ತಿಳಿವಳಿಕೆ ಮೂಡಿಸಿದ ಅಧ್ಯಯನವೊಂದು 1986ರಲ್ಲಿ ಪ್ರಕಟವಾಯಿತು. ತಿಳಿಹೇಳಿದ ಕಡೆಗಳಲ್ಲಿ ಹೆಚ್ಚು ಮಂದಿ ಚಟ ಬಿಟ್ಟರು. ಹೊಸದಾಗಿ ಲ್ಯೂಕೋಪ್ಲೇಕಿಯಾ ಬರುವುದೂ ಕಡಿಮೆಯಾಯಿತು. ಮಾತಿನಿಂದಲೇ ಇಷ್ಟು ಸಾಧ್ಯವಾಗಿತ್ತು.

ಆದುದರಿಂದ ಪ್ರತಿ ಮನೆಯಲ್ಲೂ ತಿಂಗಳಿಗೊಮ್ಮೆ ಐದು ನಿಮಿಷ ಮೀಸಲಿಡೋಣ. ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು, ಹಲ್ಲಿನ ಸೆಟ್ ಇದ್ದರೆ ತೆಗೆದಿಟ್ಟು, ತುಟಿಯನ್ನು ಹೊರಳಿಸಿ ನೋಡಬೇಕು. ಎರಡೂ ಕೆನ್ನೆಗಳನ್ನು ಬೆರಳಿನಿಂದ ಎಳೆದು ಒಳಗೆ ನೋಡಬೇಕು. ನಾಲಗೆಯನ್ನು ಹೊರಚಾಚಿ ಅದರ ಎರಡು ಪಕ್ಕಗಳನ್ನು, ಮೇಲಕ್ಕೆತ್ತಿ ಅದರ ಅಡಿಭಾಗವನ್ನು ನೋಡಬೇಕು. ಕೊನೆಗೆ ಅಂಗುಳ. ಬಾಯಿಯನ್ನು ಪೂರ್ತಿ ತೆರೆದಾಗ ಸ್ವಂತ ಕೈಯ ಮೂರು ಬೆರಳುಗಳು ಒಂದರ ಮೇಲೊಂದು ಒಳಗೆ ಹೋಗಬೇಕು. ವಯಸ್ಸಾದವರ ಬಾಯಿಯನ್ನು ಮಕ್ಕಳು ನೋಡಲಿ. ಬಿಳಿ ಅಥವಾ ಕೆಂಪು ಮಚ್ಚೆಯಾಗಲಿ, ಹುಣ್ಣಾಗಲಿ ಎರಡು ವಾರಗಳಲ್ಲಿ ಮಾಯದಿದ್ದರೆ ದಂತ ವೈದ್ಯರಿಗೆ ತೋರಿಸಿರಿ. ನೋವು ಬರಲೆಂದು ಕಾಯಬೇಡಿ. ನೋವು ಬರುವ ಹೊತ್ತಿಗೆ ನಾವು ಕಾಯಬಾರದಷ್ಟು ಕಾದಿರುತ್ತೇವೆ. 30 ದಾಟಿದವರ ಬಾಯಿಯ ಪರೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ಮಾಡಬೇಕೆಂದು ಕೇಂದ್ರ ಸರಕಾರವು 2016ರ ಮಾರ್ಗಸೂಚಿಯಲ್ಲಿಯೇ ಹೇಳಿದೆ. ಆರೋಗ್ಯ ಕೇಂದ್ರಕ್ಕೆ ಹೋದಾಗ ಅದನ್ನು ಕೇಳಿ ಮಾಡಿಸಿಕೊಳ್ಳಿರಿ. ಅದು ಯಾರದೋ ದಯೆಯಲ್ಲ, ತಮ್ಮ ಹಕ್ಕು.

ವೈದ್ಯರು ಬಯಾಪ್ಸಿ ಮಾಡಬೇಕೆಂದರೆ ಬೆಚ್ಚಬೇಡಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಚ್ಚೆಯ ಒಂದು ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಬಯಾಪ್ಸಿ. ಜೀವಕೋಶಗಳು ಹದಗೆಡಲು ಆರಂಭಿಸಿವೆಯೇ, ಎಷ್ಟರ ಮಟ್ಟಿಗೆ ಎಂಬುದು ಅದರಿಂದಲೇ ತಿಳಿಯುತ್ತದೆ. ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಈ ಒಂದು ಸುಳ್ಳು ಅನೇಕರನ್ನು ತಡವಾಗಿ ಆಸ್ಪತ್ರೆಗೆ ಮುಟ್ಟಿಸಿದೆ. ಪರೀಕ್ಷೆಯಿಂದ ಕ್ಯಾನ್ಸರ್ ಬರುವುದಿಲ್ಲ, ಪತ್ತೆಯಾಗುತ್ತದೆ. ಮಚ್ಚೆಯ ಮೇಲೆ ಸುಣ್ಣ, ಎಣ್ಣೆ, ಸುಡುವ ಮದ್ದು ಹಚ್ಚುವುದನ್ನು ಬಿಡಬೇಕು. ಅದು ಮಚ್ಚೆಯ ರೂಪವನ್ನು ಬದಲಿಸಿ ವೈದ್ಯರನ್ನೂ ಗೊಂದಲಕ್ಕೀಡು ಮಾಡುತ್ತದೆ. ಅಗತ್ಯ ಬಿದ್ದರೆ ಶಸ್ತ್ರಕ್ರಿಯೆಯಿಂದ ಅಥವಾ ಲೇಸರ್‌ನಿಂದ ಮಚ್ಚೆಯನ್ನು ತೆಗೆಯುತ್ತಾರೆ. ತೆಗೆದ ಮೇಲೂ ಅದು ಮರಳಿ ಬರಬಹುದು. ಆದುದರಿಂದ ವೈದ್ಯರು ಹೇಳಿದ ತಾರೀಕಿಗೆ ತಪ್ಪದೆ ಹೋಗಬೇಕು. ಕ್ಯಾನ್ಸರ್ ಬಾರದಂತೆ ಖಾತ್ರಿಯಾಗಿ ತಡೆಯುವ ಮಾತ್ರೆ ಯಾವುದೂ ಇಲ್ಲ. ಇದೆಯೆಂದು ಹೇಳುವವರನ್ನು ನಂಬಬೇಡಿ.

ಇನ್ನು ಚಟ ಬಿಡುವ ಮಾತು. ಬಿಡಲಾಗುವುದಿಲ್ಲ ಎಂದು ಹೇಳುವ ಸಹೋದರರಿಗೆ ನಮ್ಮದೊಂದು ಪ್ರಶ್ನೆಯಿದೆ. ರಮಝಾನ್ ತಿಂಗಳಲ್ಲಿ ಹದಿಮೂರು ಗಂಟೆಗೂ ಹೆಚ್ಚು ಕಾಲ ಹೊಗೆಸೊಪ್ಪಿಲ್ಲದೆ ಇರುವವರು ಯಾರು? ತಾವೇ ಅಲ್ಲವೇ? ಮೂವತ್ತು ದಿನ ಹಗಲು ಗೆದ್ದವನಿಗೆ ರಾತ್ರಿಯನ್ನೂ ಗೆಲ್ಲುವ ಶಕ್ತಿಯಿದೆ. ಇಫ್ತಾರಿನ ಬಳಿಕ ಕೈ ಮೊದಲು ಯಾವುದರ ಕಡೆಗೆ ಹೋಗುತ್ತದೆ ಎಂಬುದೇ ಪ್ರಶ್ನೆ. ಆಸೆಯ ಒತ್ತಡವು ಕೆಲವು ನಿಮಿಷಗಳಲ್ಲಿ ತಗ್ಗುತ್ತದೆ. ಆ ನಿಮಿಷಗಳನ್ನು ನೀರು ಕುಡಿದೋ, ನಡೆದಾಡಿಯೋ, ಮಾತನಾಡಿಯೋ ಕಳೆಯಬೇಕು. ಒಂಟಿಯಾಗಿ ಆಗದಿದ್ದರೆ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಶುಲ್ಕವಿಲ್ಲದೆ ಕರೆ ಮಾಡಿ ನೆರವು ಪಡೆಯಬಹುದು. ಮನೆಯವರು ಹಂಗಿಸದೆ ಜೊತೆ ನಿಲ್ಲಬೇಕು. ಹಂಗಿಸಿದರೆ ಚಟ ಹೋಗುವುದಿಲ್ಲ, ಅಡಗಿಕೊಳ್ಳುತ್ತದೆ. ಅಡಗಿದ ಚಟದ ಜೊತೆ ಮಚ್ಚೆಯೂ ಅಡಗಿಕೊಳ್ಳುತ್ತದೆ.

ತಮ್ಮಲ್ಲಿ ನಮ್ಮ ವಿನಂತಿ ಇಷ್ಟೆ. ಮುಂದಿನ ಮದುವೆಯ ಕರೆಯೋಲೆ ಬರೆಯುವಾಗ ಬೀಡಾ ತಟ್ಟೆಯ ಬದಲು ಖರ್ಜೂರ, ಸೋಂಪು ಇಡುವ ನಿರ್ಧಾರ ಮಾಡಿರಿ. ನಮ್ಮ ಮೊಹಲ್ಲಾಗಳಲ್ಲಿ ನಡೆಯುವ ಕಣ್ಣಿನ, ಸಕ್ಕರೆ ಕಾಯಿಲೆಯ ಶಿಬಿರಗಳಲ್ಲಿ ಬಾಯಿಯ ಪರೀಕ್ಷೆಗೂ ಒಂದು ಕುರ್ಚಿ ಇಡಿಸಿರಿ. ಮಹಿಳೆಯರಿಗೆ ಪ್ರತ್ಯೇಕ ಕೋಣೆಯೂ, ಸಾಧ್ಯವಾದರೆ ಮಹಿಳಾ ವೈದ್ಯರೂ ಇರಲಿ. ಮತ್ತು ಇಂದು ಮನೆಗೆ ಹೋದವರು ತಾಯಿಯನ್ನು ಬೆಳಕಿನ ಹತ್ತಿರ ಕೂರಿಸಿ, ಬಾಯಿ ತೆರೆಯಿರಿ ಉಮ್ಮಾ, ಒಮ್ಮೆ ನೋಡುತ್ತೇನೆ ಎಂದು ಕೇಳಿರಿ. ಏನೂ ಇಲ್ಲದಿದ್ದರೆ ನೆಮ್ಮದಿ. ಏನಾದರೂ ಇದ್ದರೆ, ಈ ವಾರವೇ ವೈದ್ಯರ ಬಳಿ ಕರೆದೊಯ್ಯಿರಿ.